ಎಲ್ಲಾ ಗೊತ್ತಿದ್ದರೂ ಬಾಯಿ ಬರುವುದಿಲ್ಲ, ಸುಪ್ತ ಮನಸ್ಸನ್ನು ಬದಲಾಯಿಸಬಹುದಾ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವನು, ವಯಸ್ಸು 34. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಮೀಟಿಂಗ್‌ನಲ್ಲಿ ಬಾಯಿ ಬರುವುದಿಲ್ಲ. ನಾನು ಕೆಲಸ ಹೇಳಿಕೊಟ್ಟ ಹುಡುಗರೇ ಲೀಡ್ ಆಗಿದ್ದಾರೆ. ಸುಪ್ತ ಮನಸ್ಸನ್ನು ಬದಲಾಯಿಸಿಕೊಂಡರೆ ಎಲ್ಲಾ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ದಿನಾ ಮೆಟ್ರೋದಲ್ಲಿ ‘ನಾನು ಧೈರ್ಯವಂತ’ ಅನ್ನುವ ಆಡಿಯೋ ಕೇಳುತ್ತಿದ್ದೇನೆ. ಏನೂ ಬದಲಾಗಿಲ್ಲ. ಇದು ನಿಜವಾಗಿ ಸಾಧ್ಯವಾ? ಎಷ್ಟು ದಿನ ಬೇಕು?

ಉತ್ತರ: ಸಾಧ್ಯ. ಆದರೆ ಆ ಆಡಿಯೋದಿಂದ ಅಲ್ಲ.

ಏರಿಯಾ ಬೇರೆ, ಕೆಲಸ ಬೇರೆ, ಆದರೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸ್ವಂತ ಅಂಗಡಿ ಹಾಕಬೇಕು ಅಂತ ವರ್ಷಗಟ್ಟಲೆ ಮುಂದೂಡುವವರು ಕೇಳುತ್ತಾರೆ. ಲೈಸೆನ್ಸ್ ಇದ್ದರೂ ಸ್ಟೇರಿಂಗ್ ಮುಟ್ಟದವರು ಕೇಳುತ್ತಾರೆ. ಎಲ್ಲರಿಗೂ ಏನು ಮಾಡಬೇಕು ಅಂತ ಗೊತ್ತು. ಮಾಡುವ ಹೊತ್ತಿಗೆ ಒಳಗೆ ಯಾರೋ ಕೈ ಹಿಡಿದ ಹಾಗೆ ಆಗುತ್ತದೆ.

ಹಾಗೆ ಕೈ ಹಿಡಿಯುವುದು ಏನು? ಅದು ನಮ್ಮೊಳಗೆ ಅಡಗಿರುವ ಯಾವುದೋ ಅದ್ಭುತ ಶಕ್ತಿ ಅಲ್ಲ. ಮನಸ್ಸಿನ ಶೇಕಡಾ 90 ಭಾಗ ಸುಪ್ತ ಅನ್ನುವ ಲೆಕ್ಕವನ್ನೂ ಯಾರೂ ಅಳೆದು ಹೇಳಿದ್ದಲ್ಲ. ನಮ್ಮ ಅರಿವಿಗೆ ಬಾರದೆ ಮೆದುಳು ಕಲಿಯುವ, ನಡೆಸುವ ಕೆಲಸಗಳಿಗೆಲ್ಲಾ ನಾವು ಇಟ್ಟುಕೊಂಡಿರುವ ಹೆಸರು ಸುಪ್ತ ಮನಸ್ಸು. ಅಭ್ಯಾಸ, ಕೈಚಳಕ, ಹೆದರಿಕೆ ಎಲ್ಲವೂ ಅದರಲ್ಲೇ ಬಂತು.

ಅದು ಹೇಗೆ ಕಲಿಯುತ್ತದೆ ಅನ್ನುವುದಕ್ಕೆ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯ ಕಥೆ ಕೇಳಬೇಕು. ಮೂರ್ಛೆರೋಗ ವಾಸಿಮಾಡಲು 1953ರಲ್ಲಿ ವೈದ್ಯರು ಆತನ ಮೆದುಳಿನ ಎರಡೂ ಕಡೆಯ ಒಂದು ಭಾಗವನ್ನು ತೆಗೆದರು. ಆಮೇಲೆ ಹೊಸದೇನೂ ನೆನಪಿನಲ್ಲಿ ಉಳಿಯದ ಹಾಗಾಯಿತು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವನಿಗೆ ಒಂದು ಕೆಲಸ ಕೊಟ್ಟರು: ಕೈ ನೇರವಾಗಿ ಕಾಣುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯಬೇಕು. ಮೊದಲು ಪೆನ್ಸಿಲ್ ಅಡ್ಡಾದಿಡ್ಡಿ ಓಡಿತು. ಮೂರನೇ ದಿನಕ್ಕೆ ಗೆರೆ ಸಲೀಸಾಗಿ ಬಂತು. ಹಿಂದಿನ ದಿನ ಇದನ್ನೇ ಮಾಡಿದ್ದು ಅವನಿಗೆ ಒಂಚೂರೂ ನೆನಪಿರಲಿಲ್ಲ. ಕೈ ಮಾತ್ರ ಕಲಿತಿತ್ತು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇಷ್ಟೇ: ಯಾರೂ ಆ ಕೈಗೆ ‘ನೀನು ಚೆನ್ನಾಗಿ ಗೆರೆ ಎಳೆಯುತ್ತೀಯ’ ಎಂದು ಹೇಳಿರಲಿಲ್ಲ. ಅದು ಮಾಡಿ ಮಾಡಿ ಕಲಿಯಿತು.

ಈಗ ನಿಮ್ಮ ಮೀಟಿಂಗ್‌ಗೆ ಬನ್ನಿ. ಲ್ಯಾಪ್‌ಟಾಪ್ ಮುಂದೆ ಕೂತಿದ್ದೀರಿ, ಮ್ಯೂಟ್‌ನಲ್ಲಿದ್ದೀರಿ. ಸಾಫ್ಟ್‌ವೇರ್‌ನಲ್ಲಿರುವ ಒಂದು ದೋಷಕ್ಕೆ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ, ಕಾರಣ ನಿಮಗೆ ಗೊತ್ತು. ಬೆರಳು ಮ್ಯೂಟ್ ಬಟನ್ ಮೇಲಿದೆ. ಇಂಗ್ಲಿಷ್ ವಾಕ್ಯವನ್ನು ಒಳಗೇ ಒಂದು ಸಲ ಕಟ್ಟುತ್ತೀರಿ. ‘ಹ್ಯಾಸ್’ ಬರಬೇಕಾ ‘ಹ್ಯಾಡ್’ ಬರಬೇಕಾ ಅಂತ ಇನ್ನೊಂದು ಸಲ ಕಟ್ಟುತ್ತೀರಿ. ಗಂಟಲು ಒಣಗುತ್ತದೆ. ಅಷ್ಟರಲ್ಲಿ ಬೇರೆ ಯಾರೋ ಅದನ್ನೇ ಹೇಳಿಬಿಡುತ್ತಾರೆ, ಮ್ಯಾನೇಜರ್ ‘ಗುಡ್ ಪಾಯಿಂಟ್’ ಅನ್ನುತ್ತಾರೆ. ನೀವು ಬಟನ್ ಮೇಲಿಂದ ಬೆರಳು ತೆಗೆಯುತ್ತೀರಿ.

ಆಗ ಬೇಜಾರಾಗುತ್ತದೆ, ನಿಜ. ಆದರೆ ಅದಕ್ಕೂ ಮೊದಲು, ಒಂದೆರಡು ಕ್ಷಣ, ಎದೆ ಹಗುರ ಆಗುತ್ತದೆ ಅಲ್ವಾ? ‘ಸದ್ಯ, ಪಾರಾದೆ’ ಅನ್ನುವ ಹಗುರ. ಎಲ್ಲಾ ತೊಂದರೆಯೂ ಆ ಎರಡು ಕ್ಷಣದಲ್ಲಿದೆ. ಒಳಗಿನ ಮನಸ್ಸು ಅಲ್ಲಿ ಒಂದು ಪಾಠ ಕಲಿಯುತ್ತದೆ: ಸುಮ್ನಿದ್ದೆ, ಅದಕ್ಕೇ ಬಚಾವಾದೆ. ಹೀಗೆ ವಾರಕ್ಕೆ ನಾಲ್ಕು ಮೀಟಿಂಗ್, ವರ್ಷಗಟ್ಟಲೆ. ಹೆದರಿಕೆ ಯಾವತ್ತೋ ಸ್ಕೂಲಿನಲ್ಲಿ ಹುಟ್ಟಿರಬಹುದು, ಆದರೆ ಅದಕ್ಕೆ ಇವತ್ತಿಗೂ ಊಟ ಹಾಕುತ್ತಿರುವುದು ಈ ತಪ್ಪಿಸಿಕೊಳ್ಳುವಿಕೆ.

ಇಷ್ಟೊಂದು ಪಾಠದ ಮುಂದೆ ಬೆಳಿಗ್ಗೆಯ ಆಡಿಯೋ ಏನು ಮಾಡೀತು? ಕೆಲವರಿಗೆ ಅದು ಉಲ್ಟಾ ಹೊಡೆಯುತ್ತದೆ ಕೂಡ. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ತಮಗೇ ಒಳ್ಳೆಯ ಅಭಿಪ್ರಾಯವಿಲ್ಲದವರು ಇಂಥ ಹೊಗಳಿಕೆಯ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಇನ್ನೂ ಕುಗ್ಗಿತು. ‘ನಾನು ಧೈರ್ಯವಂತ’ ಅಂದ ಕೂಡಲೇ ಒಳಗಿನಿಂದ ‘ಎಲ್ಲಿ?’ ಅನ್ನುವ ಉತ್ತರ ಬರುತ್ತದೆ. ಆದ್ದರಿಂದ ಆಡಿಯೋ ಫಲ ಕೊಡದೆ ಇದ್ದದ್ದು ನಿಮ್ಮ ತಪ್ಪಲ್ಲ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು? ಒಳಗಿನ ಮನಸ್ಸಿಗೆ ಮಾತು ಬೇಡ, ಸಾಕ್ಷಿ ಬೇಕು. ಅದು ಹೆದರಿದ್ದು ಆಗಲಿಲ್ಲ ಅನ್ನುವುದನ್ನು ಅದೇ ಕಣ್ಣಾರೆ ನೋಡಬೇಕು.

ಮೊದಲು ಅದು ಯಾವುದಕ್ಕೆ ಹೆದರಿದೆ ಅಂತ ಹುಡುಕಿ. ಭಾನುವಾರ ಬಿಡುವಾಗಿ ಒಂದು ಹಾಳೆ ತೆಗೆದುಕೊಳ್ಳಿ. ಇಂಗ್ಲಿಷ್ ಬೇಡ, ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆಯಿರಿ. ‘ಮೀಟಿಂಗ್‌ನಲ್ಲಿ ಮಾತಾಡಿದರೆ ಏನಾಗುತ್ತೆ?’ ತಪ್ಪಾಗುತ್ತೆ. ‘ತಪ್ಪಾದರೆ?’ ನಗುತ್ತಾರೆ. ‘ನಕ್ಕರೆ?’ ನನಗೇನೂ ಬರಲ್ಲ ಅಂತ ಗೊತ್ತಾಗುತ್ತೆ. ‘ಗೊತ್ತಾದರೆ?’ ಇವನು ನಮ್ಮವನಲ್ಲ ಅಂತಾರೆ. ಅಲ್ಲಿಗೆ ಪೆನ್ನು ನಿಲ್ಲುತ್ತದೆ. ಕನ್ನಡ ಮೀಡಿಯಂನಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಪಿಯುಸಿಗೆ ದಿಢೀರನೆ ಇಂಗ್ಲಿಷ್ ಮೀಡಿಯಂಗೆ ಬಂದು ಕೂತ ಎಷ್ಟೋ ಜನರಿಗೆ ಕೊನೆಯ ಸಾಲು ಇದೇ ಬರುತ್ತದೆ. ನಿಮ್ಮದು ಬೇರೆ ಇರಬಹುದು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಿಂದ ಬೆಳೆಸಿದ ಚಿಕಿತ್ಸೆಯಲ್ಲಿ ಹೀಗೆ ಕೇಳುತ್ತಾ ಕೆಳಗಿಳಿಯುವುದು ಬಹಳ ಬಳಕೆಯಲ್ಲಿದೆ.

ಆಮೇಲೆ ಪರೀಕ್ಷೆ. ದೊಡ್ಡದು ಬೇಡ, ಪ್ರೆಸೆಂಟೇಷನ್ ಅಂತೂ ಬೇಡವೇ ಬೇಡ. ಮುಂದಿನ ಮೀಟಿಂಗ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳುವುದು, ಅಷ್ಟೇ. ಯಾವಾಗ ಕೇಳುತ್ತೀರಿ ಅನ್ನುವುದನ್ನೂ ಮೊದಲೇ ನಿಗದಿ ಮಾಡಿ: ‘ಮ್ಯಾನೇಜರ್ “ಎನಿ ಕ್ವೆಶ್ಚನ್ಸ್” ಅಂದ ತಕ್ಷಣ ಅನ್‌ಮ್ಯೂಟ್ ಮಾಡುತ್ತೇನೆ.’ ಸುಮ್ನೆ ‘ಮಾತಾಡುತ್ತೇನೆ’ ಅಂದುಕೊಳ್ಳುವುದಕ್ಕಿಂತ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಅಂದುಕೊಂಡವರು ಹೆಚ್ಚು ಮಾಡಿ ತೋರಿಸುತ್ತಾರೆ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸದಿಂದ ಇದು ಚೆನ್ನಾಗಿ ಗೊತ್ತಾಗಿದೆ.

ಒಂದು ವಿಷಯ ಬಿಡಲೇಬೇಡಿ. ಮೀಟಿಂಗ್‌ಗೆ ಮುಂಚೆ ಚೀಟಿಯಲ್ಲಿ ಬರೆದಿಡಿ: ‘ಏನಾಗುತ್ತೆ ಅಂತ ಹೆದರಿಕೆ? ಎಲ್ಲರೂ ನಗುತ್ತಾರೆ.’ ಮುಗಿದ ಮೇಲೆ ಕೆಳಗೆ ಬರೆಯಿರಿ: ‘ಏನಾಯಿತು? ಯಾರೂ ನಗಲಿಲ್ಲ. ಒಬ್ಬರು ಉತ್ತರ ಹೇಳಿದರು.’ ಬರೆಯದೆ ಬಿಟ್ಟರೆ ಹಳೇ ಮನಸ್ಸು ‘ಇವತ್ತು ಏನೋ ಅದೃಷ್ಟ’ ಅಂದು ಆ ಅನುಭವವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಯಾರಾದರೂ ನಕ್ಕರೂ ನಗಬಹುದು. ಆಗ ಅದನ್ನೂ ಬರೆಯಿರಿ, ಆಮೇಲೆ ಏನಾಯಿತು ಅನ್ನುವುದನ್ನೂ ಬರೆಯಿರಿ. ನಕ್ಕ ಮೇಲೂ ಕೆಲಸ ಉಳಿದಿದೆ, ಮಧ್ಯಾಹ್ನ ಅವರ ಜೊತೆಗೇ ಊಟ ಮಾಡಿದ್ದೀರಿ ಅನ್ನುವುದು ಇನ್ನೂ ಗಟ್ಟಿ ಸಾಕ್ಷಿ.

ಮೆಟ್ರೋ ಪ್ರಯಾಣ ಹೇಗೂ ಇದೆಯಲ್ಲ, ಪಟ್ಟಂದೂರು ಅಗ್ರಹಾರ ಸ್ಟೇಷನ್ ಬರುವಷ್ಟರಲ್ಲಿ ಆ ದಿನದ ಚೀಟಿ ಬರೆದು ಮುಗಿಸಬಹುದು.

ಎಷ್ಟು ದಿನ? 21 ದಿನ ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ತಂಡ 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ವ್ಯತ್ಯಾಸವೂ ದೊಡ್ಡದು, 18 ದಿನದಿಂದ 254 ದಿನದವರೆಗೆ. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ. ಅದು ಊಟ, ವ್ಯಾಯಾಮದಂಥ ಸರಳ ಅಭ್ಯಾಸಗಳ ಲೆಕ್ಕ. ವರ್ಷಗಳ ಹೆದರಿಕೆಗೆ ತಿಂಗಳುಗಳು ಹಿಡಿದರೆ ಗಾಬರಿ ಬೇಡ. ಹಾಡ್ತಾ ಹಾಡ್ತಾ ರಾಗ ಅನ್ನುವುದು ಹಾಡಿಗೆ ಮಾತ್ರ ಅಲ್ಲ.

ವಾರಾಂತ್ಯದಲ್ಲಿ ನಡೆಯುವ ಸುಪ್ತ ಮನಸ್ಸಿನ ಕಾರ್ಯಾಗಾರಗಳ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಎರಡು ದಿನದಲ್ಲಿ ಬದುಕು ಬದಲಾಯಿಸುತ್ತೇವೆ ಅನ್ನುವವರಿಗೆ ದುಡ್ಡು ಕಟ್ಟಬೇಡಿ.

ಆದರೆ ಹಾಳೆ ತೆಗೆದು ಬರೆಯುವಾಗ ಹೊಡೆತ, ದೌರ್ಜನ್ಯ, ಹತ್ತಿರದವರ ಸಾವು ಇಂಥದ್ದೇನಾದರೂ ಮೇಲೆ ಬಂದು ಕೈ ನಡುಗಿದರೆ, ನಿದ್ದೆ ಹೋದರೆ, ಅಲ್ಲಿಗೇ ನಿಲ್ಲಿಸಿ. ಅದನ್ನು ಒಬ್ಬರೇ ಅಗೆಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಅಲ್ಲಿಗೆ ಹೋದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಅಳುಕಿನಿಂದ ಎಷ್ಟೋ ಮಂದಿ ಸುಮ್ಮನೆ ನರಳುತ್ತಾರೆ. ಅದು ನನಗೆ ತುಂಬಾ ಸಂಕಟದ ವಿಷಯ.

ಇನ್ನೊಂದು ಮಾತು ಈಗಲೇ ತಿಳಿದಿರಲಿ. ಹಳೇ ಹೆದರಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಊಟದ ಜೊತೆ ಒಂದು ಸದ್ದು ಕೇಳಿಸಿ ಕೇಳಿಸಿ, ಆ ಸದ್ದಿಗೇ ನಾಯಿಗಳು ಜೊಲ್ಲು ಸುರಿಸುವಂತೆ ಮಾಡಿದ್ದರು. ಆಮೇಲೆ ಊಟ ಕೊಡದೆ ಸದ್ದು ಮಾತ್ರ ಕೇಳಿಸುತ್ತಾ ಹೋದಾಗ ಜೊಲ್ಲು ನಿಂತಿತು. ಆದರೆ ಸ್ವಲ್ಪ ಸಮಯ ಕಳೆದ ಮೇಲೆ ಅದೇ ಸದ್ದಿಗೆ ನಾಯಿಗಳು ತಾವಾಗಿಯೇ ಮತ್ತೆ ಜೊಲ್ಲು ಸುರಿಸಿದ್ದನ್ನು ಅವರು ಕಂಡರು. ಹೊಸ ಮ್ಯಾನೇಜರ್ ಬಂದಾಗ, ಟೀಮ್ ಬದಲಾದಾಗ, ಉದ್ದ ರಜೆ ಮುಗಿಸಿ ಬಂದಾಗ ನಿಮ್ಮ ಗಂಟಲೂ ಮತ್ತೆ ಒಣಗಬಹುದು. ಮಾಡಿದ್ದೆಲ್ಲಾ ನೀರು ಪಾಲಾಯಿತು ಅಂತ ಅಲ್ಲ. ಆ ವಾರ ಒಂದು ಮೆಟ್ಟಿಲು ಕೆಳಗಿಳಿಯಿರಿ, ಒಂದು ಚಿಕ್ಕ ಪ್ರಶ್ನೆಯಿಂದ ಮತ್ತೆ ಶುರು ಮಾಡಿ. ಎರಡನೇ ಸಲ ಬೇಗ ಹಿಡಿತಕ್ಕೆ ಬರುತ್ತದೆ.