ಕೈ ಎತ್ತದೆ ಕೂರುವ ತಾಲೀಮು

ಸುಂಟಿಕೊಪ್ಪದಿಂದಾಚೆ ಒಂದು ಕಾಫಿ ಕಣ. ಕೊಯ್ಲಿಗೆ ಇನ್ನೂ ಸಮಯವಿದೆ, ಕಣ ಖಾಲಿ. ಹದಿನೈದು ಹುಡುಗ ಹುಡುಗಿಯರು ತೋಳಿಗೆ ತೋಳು ಹೆಣೆದುಕೊಂಡು ನೆಲದ ಮೇಲೆ ಕೂತಿದ್ದಾರೆ. ನಿವೃತ್ತ ಸುಬೇದಾರರೊಬ್ಬರು ಪೊಲೀಸಿನವರ ಪಾತ್ರ ವಹಿಸಿ ಕೂಗಾಡುತ್ತಿದ್ದಾರೆ: "ಎಷ್ಟು ದುಡ್ಡು ಕೊಟ್ಟಿದ್ದಾರೆ ನಿಂಗೆ? ಏಳು ಮೇಲೆ!" ಒಬ್ಬ ಹುಡುಗ ತಡೆಯಲಾರದೆ ತಿರುಗಿ ಬೈದ. ಅಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿಂದ. ಬೈದರೂ ತಳ್ಳಿದರೂ ತಿರುಗಿಬೀಳದೆ ಪ್ರತಿಭಟಿಸುವುದನ್ನು ಕಲಿಸುವ ಶಿಬಿರ ಇದು.

ಇವರಲ್ಲಿ ಕೆಲವರು ಛತ್ತೀಸ್‌ಗಢದ ಹಸದೇವ್ ಕಾಡಿನ ಹಳ್ಳಿಗಳಿಗೆ ಹೋಗಿ, ಕಲ್ಲಿದ್ದಲ ಗಣಿ ಬೇಡವೆನ್ನುವವರ ಜೊತೆ ಕೂರಬೇಕೆಂದಿದ್ದಾರೆ. "ಕೊಡಗಲ್ಲಿ ಎಲ್ಲಿದೆ ಮಾರಾಯ್ರೆ ಕಲ್ಲಿದ್ದಲು?" ಎಂದು ಕಣ ಬಿಟ್ಟುಕೊಟ್ಟ ತೋಟದವರೇ ಕೇಳಿದರು. ನಿಜ, ಇಲ್ಲ. ಕೊಡಗಿರಲಿ, ಕರ್ನಾಟಕದಲ್ಲೇ ಕಲ್ಲಿದ್ದಲ ಗಣಿ ಇಲ್ಲ. ಆದರೆ ರಾಯಚೂರಿನ ಶಾಖೋತ್ಪನ್ನ ಕೇಂದ್ರ 1985ರಿಂದ ಉರಿಸುತ್ತಿರುವುದು ಬೇರೆಯವರ ನೆಲ ಅಗೆದು ತಂದದ್ದನ್ನೇ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬಾರಂಜ್ ಗಣಿ ಇರುವುದು ನಮ್ಮ ರಾಜ್ಯದ ವಿದ್ಯುತ್ತಿಗಾಗಿ. ಮಡಿಕೇರಿಯ ಮನೆಗಳ ಬಲ್ಬಿಗೂ ಆ ಗುಂಡಿಗಳಿಗೂ ನಂಟಿದೆ.

ಇಂಥ ಶಿಬಿರಗಳ ಬಗ್ಗೆ ಎರಡು ಮಾತು ಓಡಾಡುತ್ತವೆ. ಇದು ಜನರನ್ನು ಎತ್ತಿಕಟ್ಟುವ ಕೆಲಸ ಎಂಬುದು ಒಂದು, ಹೊರದೇಶದಿಂದ ಬಂದ ಚಾಳಿ ಎಂಬುದು ಇನ್ನೊಂದು. ಹಿಂದಿನದನ್ನು ನೋಡಿದರೆ ಎರಡೂ ನಿಲ್ಲುವುದಿಲ್ಲ.

1919ರಲ್ಲಿ ರೌಲಟ್ ಕಾಯ್ದೆಯ ವಿರುದ್ಧ ಹೊರಟ ಸತ್ಯಾಗ್ರಹ ಹಿಂಸೆಗೆ ತಿರುಗಿತು. ಗಾಂಧೀಜಿ ಅದನ್ನು ತಮ್ಮ ಹಿಮಾಲಯದಷ್ಟು ದೊಡ್ಡ ತಪ್ಪು ಎಂದು ಒಪ್ಪಿಕೊಂಡರು. ಪಳಗಿದ ಸ್ವಯಂಸೇವಕರಿಲ್ಲದೆ ಜನರನ್ನು ಕಾನೂನುಭಂಗಕ್ಕೆ ಕರೆಯಬಾರದಿತ್ತು ಎಂಬುದು ಅವರು ಕಂಡುಕೊಂಡ ಕಾರಣ. 1923ರಲ್ಲಿ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಸೇವಾದಳ ಕಟ್ಟಿ ಸ್ವಯಂಸೇವಕರಿಗೆ ಶಿಸ್ತು ಕಲಿಸಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಕತೆಗಾರ್ತಿ ಕೊಡಗಿನ ಗೌರಮ್ಮ ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತರು. ಬಾಪು ಬಂದ ಮೇಲೆ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಗೌರಮ್ಮ ಇದ್ದ ಗುಂಡುಗುತ್ತಿ ತೋಟ ಇದೇ ಸುಂಟಿಕೊಪ್ಪದ ಕಡೆಯದು. ಸ್ವಾತಂತ್ರ್ಯ ಬಂದ ಮೇಲೆ ಧರಣಿ, ಬಂದ್, ರಸ್ತೆತಡೆ ಉಳಿದುಕೊಂಡವು, ತಾಲೀಮು ಮರೆತುಹೋಯಿತು.

ಮರೆತದ್ದು ನಾವು. ಜೇಮ್ಸ್ ಲಾಸನ್ ಎಂಬ ಅಮೆರಿಕದ ಕರಿಯ ಯುವಕ 1953ರಿಂದ ಮೂರು ವರ್ಷ ನಾಗಪುರದಲ್ಲಿದ್ದು ಗಾಂಧಿ ಮಾರ್ಗವನ್ನು ಅಭ್ಯಾಸ ಮಾಡಿದರು. ಊರಿಗೆ ಮರಳಿ, 1959ರಲ್ಲಿ ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಕಲಿಸತೊಡಗಿದರು. ಬಿಳಿಯರಿಗೆ ಮಾತ್ರ ಊಟ ಕೊಡುವ ಹೋಟೆಲಿನಲ್ಲಿ ಕೂತಾಗ ಏನೇನಾಗುತ್ತದೋ ಅದನ್ನೆಲ್ಲ ಮೊದಲೇ ಆಡಿ ನೋಡುವುದು ಆ ಪಾಠ. ಒಬ್ಬ ಬೈಯುತ್ತಾನೆ, ತಳ್ಳುತ್ತಾನೆ. ಕೂತವರು ತಿರುಗಿ ಹೊಡೆಯಬಾರದು, ಬೈಯಬಾರದು, ನೆಟ್ಟಗೆ ಕೂತಿರಬೇಕು. 1960ರ ಮೇ ತಿಂಗಳಲ್ಲಿ ಆ ಊರಿನ ಕೆಲವು ಹೋಟೆಲುಗಳು ಕರಿಯರಿಗೂ ಬಡಿಸತೊಡಗಿದವು.

ಇದೇ ಪಾಠ ಅಮೆರಿಕದ ಕಲ್ಲಿದ್ದಲ ನಾಡಾದ ಅಪ್ಪಲೇಚಿಯ ಬೆಟ್ಟಗಳನ್ನು ಹತ್ತಿದ ಕತೆಯನ್ನು ಕೊಡಗಿನವರು ಓದಲೇಬೇಕು. ಅಲ್ಲಿನ ವೆಸ್ಟ್ ವರ್ಜೀನಿಯಾದಲ್ಲಿ ಸುರಂಗ ತೋಡುವ ಬದಲು ಬೆಟ್ಟದ ನೆತ್ತಿಯನ್ನೇ ಸಿಡಿಮದ್ದಿಟ್ಟು ಹಾರಿಸುತ್ತಾರೆ. ಮೊದಲು ಕಾಡು ಬೋಳಿಸುವುದು, ಆಮೇಲೆ ಸ್ಫೋಟ. ಎದ್ದ ಕಲ್ಲುಮಣ್ಣನ್ನು ಪಕ್ಕದ ಕಣಿವೆಗೆ ಸುರಿದರೆ ಅಲ್ಲಿನ ತೊರೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. 1972ರಲ್ಲಿ ಬಫೆಲೋ ಕ್ರೀಕ್‌ನಲ್ಲಿ ಗಣಿ ತ್ಯಾಜ್ಯದ ಕಟ್ಟೆ ಒಡೆದು 125 ಜನ ಸತ್ತಿದ್ದರು. 1977ರ ಕಾನೂನು ಗಣಿಗಾರಿಕೆಗೆ ನಿಯಮ ಹಾಕಿತು, ನೆತ್ತಿ ಹಾರಿಸುವುದನ್ನು ನಿಲ್ಲಿಸಲಿಲ್ಲ. ಗಣಿ ಕಾರ್ಮಿಕರ ಮಗಳಾದ ಜೂಡಿ ಬಾಂಡ್ಸ್ ಇದರ ವಿರುದ್ಧ ನಿಂತರು; 2003ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅವರನ್ನು ಬೈದವರು, ಬೆದರಿಸಿದವರು ಹೊರಗಿನವರಲ್ಲ, ಗಣಿಯ ಸಂಬಳ ನಂಬಿದ ನೆರೆಹೊರೆಯವರು.

2005ರ ಬೇಸಗೆಯಲ್ಲಿ 'ಮೌಂಟನ್ ಜಸ್ಟಿಸ್ ಸಮ್ಮರ್' ಹೆಸರಿನಲ್ಲಿ ದೂರದೂರುಗಳ ಸ್ವಯಂಸೇವಕರು ಅಲ್ಲಿಗೆ ಬಂದರು. ನನ್ನ ಮಟ್ಟಿಗೆ ಇಡೀ ಕತೆಯ ತಿರುಳು ಇಲ್ಲಿದೆ. ಯಾರ ಮೇಲೂ ಕೈ ಮಾಡಬಾರದು, ಯಂತ್ರಗಳನ್ನೂ ಮುರಿಯಬಾರದು ಎಂಬ ಕಟ್ಟುಪಾಡು ಇತ್ತು. ಬಂಧನವಾದರೆ ಹೇಗೆ ನಡೆದುಕೊಳ್ಳಬೇಕು, ಸಿಟ್ಟಿಗೆದ್ದವರನ್ನು ಹೇಗೆ ಸಮಾಧಾನ ಮಾಡಬೇಕು ಎಂಬುದು ಇಂಥ ತರಬೇತಿಯ ಒಂದು ಭಾಗ ಮಾತ್ರ. ಊರಿನವರ ಮಾತಿಗೆ ಕಿವಿಗೊಡುವುದು ಅದಕ್ಕಿಂತ ಕಷ್ಟದ ಪಾಠ. ಹೊರಗಿನಿಂದ ಬಂದವನು ಒಂದು ವಾರದಲ್ಲಿ ಹೊರಟುಹೋಗುತ್ತಾನೆ, ಊರಿನವರು ಅದೇ ಬೀದಿಯಲ್ಲಿ ಬಾಳಬೇಕು.

ನಮ್ಮಲ್ಲಿ ಈ ಪಾಠಕ್ಕೆ ಇನ್ನೊಂದು ಅಧ್ಯಾಯ ಸೇರಿದೆ, ಅದು ಕಾಗದಪತ್ರ. ಹಸದೇವ್‌ನ ಆದಿವಾಸಿಗಳು 2021ರ ಅಕ್ಟೋಬರ್‌ನಲ್ಲಿ 300 ಕಿಲೋಮೀಟರ್ ನಡೆದು ರಾಯಪುರಕ್ಕೆ ಹೋದಾಗ ಅವರ ಮುಖ್ಯ ತಕರಾರು ಗ್ರಾಮಸಭೆಯ ಒಪ್ಪಿಗೆಯದ್ದೇ ಆಗಿತ್ತು. ಕೊಟ್ಟಿಲ್ಲದ ಒಪ್ಪಿಗೆ ಕಡತದಲ್ಲಿ ಹೇಗೆ ಬಂತು ಎಂಬುದು ಅವರ ಪ್ರಶ್ನೆ. 2022ರಲ್ಲಿ ಛತ್ತೀಸ್‌ಗಢದ ವಿಧಾನಸಭೆ ಅಲ್ಲಿನ ಗಣಿಗಳನ್ನು ರದ್ದುಮಾಡಬೇಕೆಂದು ಒಮ್ಮತದ ನಿರ್ಣಯ ಮಾಡಿತು. 2023ರ ಡಿಸೆಂಬರ್‌ನಲ್ಲಿ ಮತ್ತೆ ಮರಗಳು ಉರುಳಿದವು. 2006ರ ಅರಣ್ಯ ಹಕ್ಕು ಕಾಯ್ದೆ ಓದಲು ಬಾರದ ಸ್ವಯಂಸೇವಕ ಅಲ್ಲಿ ಬರೀ ಅತಿಥಿ.

ಬೆಟ್ಟ ಜಾರುವುದೆಂದರೇನು ಎಂದು 2018ರಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ ನಮಗೆ ಹೇಳಿವೆ. ಕಾರಣ ಬೇರೆ, ಮಣ್ಣಿನಡಿ ಸಿಕ್ಕ ಮನೆ ಒಂದೇ. ಇಲ್ಲಿಯೂ ಒಂದೇ ಕುಟುಂಬದಲ್ಲಿ ಅಣ್ಣನಿಗೆ ತೋಟ, ತಮ್ಮನಿಗೆ ಮಣ್ಣು ತೆಗೆಯುವ ಜೆಸಿಬಿ. ಹಿಂದೊಮ್ಮೆ ನಾನೂ ಇದ್ದ ರಸ್ತೆತಡೆಯಲ್ಲಿ ಯಾರೋ ಒಂದು ಕಲ್ಲೆಸೆದು ಜೀಪಿನ ಗಾಜು ಒಡೆಯಿತು. ಮರುದಿನ ಪತ್ರಿಕೆಯಲ್ಲಿ ಗಾಜಿನ ಸುದ್ದಿಯಷ್ಟೇ ಇತ್ತು. ಬೆಳಗಿನಿಂದ ಬಿಸಿಲಲ್ಲಿ ಕೂತಿದ್ದ ಅಜ್ಜಿಯರ ಸುದ್ದಿ ಒಂದು ಸಾಲೂ ಇರಲಿಲ್ಲ.

ಕಣದಲ್ಲಿ ಚಹಾ ಬಂತು. ಬೈದಿದ್ದ ಹುಡುಗ ತಲೆ ತಗ್ಗಿಸಿ ಕೂತಿದ್ದ. ಸುಬೇದಾರರು ಲೋಟ ಹಿಡಿದು ಅವನ ಪಕ್ಕ ಕೂತರು. "ನಂಗೂ ಮೊದಲ ದಿನ ಡ್ರಿಲ್‌ನಲ್ಲಿ ಕಾಲು ತಪ್ಪಿತ್ತು ಮಗ. ಚಾ ಕುಡಿ, ಇನ್ನೊಂದ್ಸಲ ಬೈತೀನಿ."