ಬೆವರು ಪಳಗಲು ಹದಿನಾಲ್ಕು ದಿನ

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತಾ ಹೊರಡುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಅಲ್ಲಿಂದ ಯುಗಾದಿಗೆ ಒಂದು ತಿಂಗಳು. ರಾಯಚೂರು, ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ಮುಟ್ಟುವ ಮೊದಲು, ಕರಾವಳಿಯಲ್ಲಿ ಸೆಕೆಗೆ ಅಂಗಿ ಮೈಗಂಟುವ ಮೊದಲು ಸಿಗುವ ಈ ಬಿಡುವು ದೇಹವನ್ನು ಅಣಿ ಮಾಡಿಕೊಳ್ಳಲು ವರ್ಷದಲ್ಲೇ ಒಳ್ಳೆಯ ಕಾಲ. ಬೇಸಿಗೆಗೆ ಫಿಟ್ ಆಗುವುದೆಂದರೆ ಸೊಂಟ ಕರಗಿಸುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದೂ ಬೇಕಾದದ್ದೇ. ಆದರೆ ಏಪ್ರಿಲ್ ಬಿಸಿಲಿನಲ್ಲಿ ನಮ್ಮನ್ನು ಕಾಯುವುದು ಹೃದಯ, ಚರ್ಮದ ರಕ್ತನಾಳಗಳು ಮತ್ತು ಬೆವರಿನ ಗ್ರಂಥಿಗಳು. ತೋಳಿಗೆ, ತೊಡೆಗೆ ತಾಲೀಮು ಕೊಡುವ ಹಾಗೆ ಇವಕ್ಕೂ ಕೊಡಬಹುದು. ಹತ್ತರಿಂದ ಹದಿನಾಲ್ಕು ದಿನ ಸಾಕು.

ಓಡುವಾಗ, ಆಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕಾಲು ಭಾಗದಷ್ಟೂ ಚಲನೆಯಾಗುವುದಿಲ್ಲ. ಉಳಿದ ಮುಕ್ಕಾಲು ಪಾಲು ಕಾವಾಗುತ್ತದೆ. ಆ ಕಾವನ್ನು ರಕ್ತ ಹೊತ್ತು ಚರ್ಮದವರೆಗೆ ತಂದು ಹೊರಗೆ ಬಿಡಬೇಕು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದರೆ ಕಾವು ಗಾಳಿಗೆ ಹೋಗುವ ಬದಲು ಗಾಳಿಯಿಂದಲೇ ಒಳಗೆ ಬರತೊಡಗುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಕಾವನ್ನು ಕೊಂಡೊಯ್ಯುತ್ತದೆ. ಆದರೆ ಅದು ಮೈಮೇಲೆಯೇ ಆರಬೇಕು. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹಕ್ಕೆ ನಯಾಪೈಸೆ ತಂಪು ಸಿಗುವುದಿಲ್ಲ, ನೀರು ಮಾತ್ರ ನಷ್ಟ. ಕಲಬುರಗಿಯ ಒಣ ಧಗೆಯಲ್ಲಿ ಬೆವರು ಕಣ್ಣಿಗೆ ಬೀಳುವ ಮುನ್ನವೇ ಆರಿ, ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಮಂಗಳೂರಿನ ತೇವ ತುಂಬಿದ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬಿಸಿಗಾಳಿಯನ್ನು ಗುರುತಿಸಲು ಹವಾಮಾನ ಇಲಾಖೆ ಬಯಲುನಾಡಿಗೆ 40 ಡಿಗ್ರಿಯ ಅಳತೆ ಇಟ್ಟು ಕರಾವಳಿಗೆ 37 ಡಿಗ್ರಿಯನ್ನೇ ಇಟ್ಟಿರುವುದರ ಹಿಂದಿನ ಕಾರಣವೂ ಇದೇ.

ದೇಹ ಬಿಸಿಗೆ ಪಳಗುತ್ತದೆ ಎಂಬುದು ಗಣಿಗಳಲ್ಲಿ ಸ್ಪಷ್ಟವಾಗಿ ಕಂಡುಬಂದಿತು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡ್‌ನ ಆಳವಾದ ಚಿನ್ನದ ಗಣಿಗಳಲ್ಲಿ ಹೊಸ ಕಾರ್ಮಿಕರು ಬಿಸಿಗೆ ಕುಸಿದು ಸಾಯುತ್ತಿದ್ದರು. ಅವರನ್ನು ಮೊದಲ ದಿನವೇ ಪೂರ್ತಿ ದುಡಿಮೆಗೆ ಇಳಿಸದೆ, ದಿನದಿಂದ ದಿನಕ್ಕೆ ಕೆಲಸ ಏರಿಸುತ್ತಾ ಹೋಗುವ ಕ್ರಮ ಅಲ್ಲಿ ಬೆಳೆಯಿತು. ಈಚೆಗೆ ಕ್ರೀಡಾಪಟುಗಳು, ಸೈನಿಕರು ಅನುಸರಿಸುವುದೂ ಇದೇ ಕ್ರಮವನ್ನು.

ಒಳಗೆ ನಡೆಯುವುದು ಹೀಗೆ. ಮೊದಲ ಮೂರರಿಂದ ಆರು ದಿನಗಳಲ್ಲಿ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು ಹೆಚ್ಚುತ್ತದೆ. ಸ್ನಾಯುವಿಗೂ ಚರ್ಮಕ್ಕೂ ಒಟ್ಟಿಗೆ ಹಂಚುವಷ್ಟು ರಕ್ತವಿರುವುದರಿಂದ ಹೃದಯ ಅಷ್ಟು ವೇಗವಾಗಿ ಬಡಿಯಬೇಕಿಲ್ಲ. ಎರಡನೇ ವಾರದ ಹೊತ್ತಿಗೆ ಬೆವರಿನ ಸರದಿ. ಮೈ ಹೆಚ್ಚು ಬಿಸಿಯಾಗುವುದನ್ನು ಕಾಯದೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಿರುತ್ತದೆ. ಆಲ್ಡೋಸ್ಟೀರೋನ್ ಎಂಬ ಹಾರ್ಮೋನಿನ ಅಪ್ಪಣೆಯಂತೆ ಗ್ರಂಥಿಗಳು ಉಪ್ಪನ್ನು ಹೊರಗೆ ಬಿಡುವ ಮೊದಲೇ ಹೀರಿ ಉಳಿಸಿಕೊಳ್ಳುತ್ತವೆ. ಮೊದಲ ದಿನದ ಬೆವರು ಕಣ್ಣಿಗೆ ಇಳಿದರೆ ಉರಿಯುತ್ತದೆ. ಪಳಗಿದ ಬೆವರು ಅಷ್ಟು ಉರಿಯುವುದಿಲ್ಲ.

ಈ ತಾಲೀಮಿಗೆ ಒಂದು ಷರತ್ತಿದೆ: ಮೈ ಬಿಸಿಯಾಗಬೇಕು. ಎಸಿ ಹಾಕಿದ ಜಿಮ್ಮಿನಲ್ಲಿ ಗಂಟೆಗಟ್ಟಲೆ ಟ್ರೆಡ್‌ಮಿಲ್ ತುಳಿದರೆ ಹೃದಯ ಬಲವಾಗುತ್ತದೆ, ಬೆವರು ಪಳಗುವುದು ಅಷ್ಟಕ್ಕಷ್ಟೇ. ಈಜು ಸೊಗಸಾದ ವ್ಯಾಯಾಮ, ಆದರೆ ನೀರೇ ಕಾವನ್ನು ಎಳೆದುಕೊಳ್ಳುವುದರಿಂದ ಈ ಕೆಲಸಕ್ಕೆ ಒದಗುವುದಿಲ್ಲ. ಹಾಗೆಂದು ನಡುಮಧ್ಯಾಹ್ನ ಓಡಲೇಬಾರದು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಆ ಎಚ್ಚರ ಆಟಕ್ಕೂ ಬೇಕು. ಶಿವರಾತ್ರಿ-ಯುಗಾದಿ ನಡುವೆ ಸಂಜೆ ನಾಲ್ಕೂವರೆ, ಐದರ ಹೊತ್ತು ಸರಿಯಾದದ್ದು. ಯುಗಾದಿಯ ನಂತರ ಆರು ಗಂಟೆಗೆ ಸರಿಯಿರಿ.

ಮೊದಲ ಮೂರು ದಿನ 20 ನಿಮಿಷ, ನಾಲ್ಕರಿಂದ ಏಳನೇ ದಿನದವರೆಗೆ 30ರಿಂದ 40 ನಿಮಿಷ, ಎರಡನೇ ವಾರ 60 ನಿಮಿಷ. ವೇಗವನ್ನು ಅಳೆಯಲು ಗಡಿಯಾರ ಬೇಡ, ಮಾತು ಸಾಕು. ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಮೂರು ಶಬ್ದಕ್ಕೇ ಉಸಿರು ಕಟ್ಟಿದರೆ ನಿಧಾನಿಸಿ. ವ್ಯಾಯಾಮ ಹಿತವೋ ಹಿಂಸೆಯೋ ಎಂಬುದೂ ಈ ಗೆರೆಯಲ್ಲೇ ತೀರ್ಮಾನವಾಗುತ್ತದೆ. ಏದುಸಿರಿನ ಗಡಿ ದಾಟಿದ ಕೂಡಲೇ ಬಹುತೇಕ ಎಲ್ಲರಿಗೂ ಹಿತ ಕಡಿಮೆಯಾಗುತ್ತದೆ. ಮೊದಲ ದಿನವೇ ಗಡಿ ದಾಟಿ ಸುಸ್ತಾದವರು ಐದನೇ ದಿನ ಬರುವುದಿಲ್ಲ. ಪಳಗುವುದು ದಿನದಿನದ ಕೂಡಿಕೆಯಿಂದ. ಒಂದು ದಿನ ಎರಡು ಗಂಟೆ ಬೆವರಿ ಮೂರು ದಿನ ಮಲಗಿದರೆ ಏನೂ ಕೂಡುವುದಿಲ್ಲ.

ಖುಷಿ ಕೊಡುವ ಆಟವನ್ನೇ ಹಿಡಿಯಿರಿ ಎನ್ನುವುದು ಅದಕ್ಕೇ. ಲಗೋರಿಯನ್ನೇ ನೋಡಿ. ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು, ಎರಡು ತಂಡ. ಕಲ್ಲು ಬೀಳಿಸಿದವರು ಚದುರಿ ಓಡಬೇಕು, ತಿರುಗಿ ಬಂದು ಕೂತು ಕಲ್ಲು ಪೇರಿಸಬೇಕು, ಚೆಂಡು ಬಂದರೆ ಬಾಗಿ ತಪ್ಪಿಸಿಕೊಳ್ಳಬೇಕು. ಹದಿನೈದು ಇಪ್ಪತ್ತು ಸೆಕೆಂಡಿನ ಓಟ, ಅದರ ಹಿಂದೆಯೇ ತುಸು ನಿಲುಗಡೆ, ಮತ್ತೆ ಓಟ. ಕ್ರೀಡಾ ತರಬೇತುದಾರರು ಸೀಟಿ ಊದಿ ಮಾಡಿಸುವ ಇಂಟರ್ವಲ್ ಕಸರತ್ತು ಇಲ್ಲಿ ಆಟದೊಳಗೇ ಅಡಗಿದೆ, ಜೊತೆಗೆ ಪ್ರತಿ ಸಲ ಕಲ್ಲು ಪೇರಿಸುವಾಗ ಒಂದೊಂದು ಬಸ್ಕಿ. ಕಬಡ್ಡಿಯ ಒಂದು ದಾಳಿ 30 ಸೆಕೆಂಡು. ಕೊಕ್ಕೊದಲ್ಲಿ ಕೂತಲ್ಲಿಂದ ಎದ್ದು ನುಗ್ಗುವುದೇ ತೊಡೆಗೆ ದೊಡ್ಡ ಕೆಲಸ. ಆಟ ಬೇಡವೆನ್ನುವವರಿಗೆ ಬಿರುಸಿನ ನಡಿಗೆ, ಸೈಕಲ್, ಡೊಳ್ಳಿನ ಹೆಜ್ಜೆ ಯಾವುದಾದರೂ ಆದೀತು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಎರಡು ದಿನ ಸ್ನಾಯುಬಲದ ಕಸರತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸ್ನಾಯುಬಲಕ್ಕೆ ಗರಡಿಮನೆಯ ದಂಡ-ಬಸ್ಕಿಗಿಂತ ಸರಳವಾದದ್ದು ಇಲ್ಲ: ಹತ್ತರಂತೆ ಮೂರು ಸುತ್ತು ಬಸ್ಕಿ, ಆದಷ್ಟು ದಂಡ. ದಂಡ ಬಾರದವರು ಗೋಡೆಗೋ ಕಟ್ಟೆಗೋ ಕೈ ಊರಿ ತಳ್ಳಿದರಾಯಿತು.

ವರ್ಷಗಳ ನಂತರ ಮೈದಾನಕ್ಕಿಳಿಯುವ ದೊಡ್ಡವರಿಗೆ ತೊಡೆಯ ಹಿಂಭಾಗಕ್ಕೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ಬಿರುಸಿನ ಓಟದಲ್ಲಿ, ಕಾಲನ್ನು ಮುಂದಕ್ಕೆ ಚಾಚಿದಾಗ. ಆಗ ತೊಡೆಯ ಹಿಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಯಬೇಕಾಗುತ್ತದೆ, ತಯಾರಿಲ್ಲದ ನಾರುಗಳು ಹರಿಯುತ್ತವೆ. ಆಟಕ್ಕೆ ಮೊದಲು ಐದು ನಿಮಿಷ ನಡಿಗೆ, ಕಾಲನ್ನು ಹಿಂದೆ ಮುಂದೆ ಬೀಸುವುದು, ಅರ್ಧ ವೇಗದ ನಾಲ್ಕು ಓಟ ಮಾಡಿಕೊಳ್ಳಿ. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡರೆ ಗಾಬರಿ ಬೇಡ. ಆ ನೋವು 24ರಿಂದ 72 ಗಂಟೆಯೊಳಗೆ ಏರಿ ತಾನೇ ಇಳಿಯುತ್ತದೆ. ಅಂದು ಹಗುರವಾಗಿ ನಡೆಯಿರಿ. ಒಂದೇ ಜಾಗದಲ್ಲಿ ಚುಚ್ಚುವ ನೋವು, ಊತ, ಕೀಲಿನ ನೋವು ಇದ್ದರೆ ಮಾತ್ರ ಆಟ ನಿಲ್ಲಿಸಿ.

ಆಟದ ಮೊದಲು ಮತ್ತು ನಂತರ ತೂಕ ನೋಡುವ ಅಭ್ಯಾಸ ಬಹಳ ಉಪಯೋಗದ್ದು. ಮೂತ್ರ ಮಾಡಿ, ಕಡಿಮೆ ಬಟ್ಟೆಯಲ್ಲಿ ತೂಗಿ. ಆಡಿ ಬಂದು ಬೆವರು ಒರೆಸಿಕೊಂಡು ಮತ್ತೆ ತೂಗಿ. ಇಳಿದದ್ದು 700 ಗ್ರಾಂ, ನಡುವೆ ಕುಡಿದದ್ದು 300 ಮಿಲಿ ಎಂದಾದರೆ ನಿಮ್ಮ ಬೆವರು ಒಂದು ಲೀಟರ್. ಇಳಿಕೆ ದೇಹತೂಕದ ನೂರಕ್ಕೆ 2 ಮೀರಬಾರದು, ಅಂದರೆ 60 ಕಿಲೋದವರಿಗೆ 1.2 ಕಿಲೋ. ಅದನ್ನು ದಾಟಿದರೆ ರಕ್ತ ಕುಗ್ಗಿ, ನಾಡಿ ಏರಿ, ಪಳಗಿಸಿಕೊಂಡ ಲಾಭ ಅಂದಿನ ಮಟ್ಟಿಗೆ ಕೈಬಿಡುತ್ತದೆ. ಈ ಇಳಿಕೆ ನೀರಿನದೇ ಹೊರತು ಕೊಬ್ಬಿನದಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಅಡಗಿರುತ್ತದೆ, 60 ಕಿಲೋ ತೂಗುವವರ ಅರ್ಧ ಗಂಟೆಯ ಬಿರುಸಿನ ನಡಿಗೆಗೆ ಖರ್ಚಾಗುವುದು 100ರಿಂದ 120. ಪ್ಲಾಸ್ಟಿಕ್ ಹೊದಿಕೆ, ಬೆವರಿನ ಜಾಕೆಟ್ ತೊಟ್ಟು ಓಡುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಅದು ಬೆವರನ್ನು ಆರಲು ಬಿಡದೆ ಕಾವನ್ನು ಮೈಯೊಳಗೇ ಕೂಡಿಹಾಕುತ್ತದೆ.

ಕುಡಿಯುವುದಕ್ಕೆ ನಮ್ಮ ಮನೆಗಳಲ್ಲೇ ಒಳ್ಳೆಯವು ಇವೆ, ಹದ ಮಾತ್ರ ತಿಳಿದಿರಬೇಕು. ನೂರಕ್ಕೆ ಎಂಟಕ್ಕಿಂತ ಹೆಚ್ಚು ಸಕ್ಕರೆಯಿರುವ ಪಾನೀಯ ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ಓಡುವಾಗ ಹೊಟ್ಟೆ ಕುಲುಕಿದಂತಾಗಲು ಇದೇ ಕಾರಣ. ರಾಮನವಮಿಯ ಪಾನಕ ಹಬ್ಬಕ್ಕೆ ಸಿಹಿಯಾಗಿಯೇ ಇರಲಿ. ಆಟಕ್ಕೆ ಒಂದು ಲೀಟರ್ ನೀರಿಗೆ 50ರಿಂದ 60 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ಕಾಲು ಚಮಚ ಉಪ್ಪು, ಶುಂಠಿ, ಏಲಕ್ಕಿ ಸಾಕು. ಕಬ್ಬಿನ ಹಾಲು ಇದರ ಎರಡು ಪಟ್ಟು ಸಿಹಿ, ಆಟವಾದ ಮೇಲೆ ಕುಡಿಯಿರಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೆಚ್ಚು ಹೋಗುವ ಸೋಡಿಯಂ ಕಡಿಮೆ; ಚಿಟಿಕೆ ಉಪ್ಪು ಸೇರಿದರೆ ಸರಿಹೋಗುತ್ತದೆ. ಒಂದು ಲೋಟ ಮೊಸರಿಗೆ ಮೂರು ಲೋಟ ನೀರಿನ ಮಜ್ಜಿಗೆಗೆ ಕಾಲು ಚಮಚ ಉಪ್ಪು. ಒಂದು ಗಂಟೆಯೊಳಗಿನ ಆಟಕ್ಕೆ ಬರಿ ನೀರು, ಮತ್ತೆ ಎಂದಿನ ಊಟ ಸಾಕು. ರಕ್ತದೊತ್ತಡವಿರುವವರು ಉಪ್ಪು ಸೇರಿಸಲೇಬೇಡಿ.

ಊಟದ ಲೆಕ್ಕವೂ ಕಷ್ಟದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2,000 ಕಿಲೋಕ್ಯಾಲರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ. ನಮ್ಮ ಬಹಳಷ್ಟು ತಟ್ಟೆಗಳಲ್ಲಿ ಅನ್ನ ಗುಡ್ಡವಾಗಿ, ಬೇಳೆ ತಿಳಿಸಾರಾಗಿರುತ್ತದೆ. 60 ಕಿಲೋದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೊಟೀನು ಬೇಕು. ತಿಳಿಸಾರಿನಿಂದ ಅದು ಕೂಡುವುದಿಲ್ಲ.

ಹೆಸರುಬೇಳೆ ಕೋಸಂಬರಿ ಇಲ್ಲಿ ಒದಗಿಬರುತ್ತದೆ. 50 ಗ್ರಾಂ ಬೇಳೆಯಲ್ಲಿ 12 ಗ್ರಾಂ ಪ್ರೊಟೀನಿದೆ. ಒಂದರಿಂದ ಎರಡು ಗಂಟೆ ನೆನೆಸಿ. ಉಗುರಿನಿಂದ ಒತ್ತಿದರೆ ಕಾಳು ಎರಡಾಗಬೇಕು. ನೀರು ಪೂರ್ತಿ ಬಸಿದು ಸೌತೆಕಾಯಿ, ಕ್ಯಾರೆಟ್, ತುಸು ಕಾಯಿತುರಿ, ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ-ಇಂಗಿನ ಒಗ್ಗರಣೆ ಸೇರಿಸಿ. ಉಪ್ಪು, ನಿಂಬೆರಸ ಬಡಿಸುವ ಹೊತ್ತಿಗೆ ಮಾತ್ರ. ಮೊದಲೇ ಉಪ್ಪು ಬಿದ್ದರೆ ಸೌತೆಯ ಕೋಶಗಳೊಳಗಿನ ನೀರು ಹೊರಗೆ ಸೆಳೆದುಕೊಂಡು ಬಂದು ಹತ್ತೇ ನಿಮಿಷಕ್ಕೆ ಪಾತ್ರೆಯ ತಳದಲ್ಲಿ ನಿಲ್ಲುತ್ತದೆ, ಹೋಳು ಮೆತ್ತಗಾಗುತ್ತದೆ.

ಬೆಳಗಿನ ರಾಗಿ ಅಂಬಲಿಯೂ ಹಾಗೆಯೇ ಹದದ ಅಡುಗೆ. ಒಬ್ಬರಿಗೆ ಎರಡು ದೊಡ್ಡ ಚಮಚ ಹಿಟ್ಟು. ಅದನ್ನು ಅರ್ಧ ಲೋಟ ತಣ್ಣೀರಿನಲ್ಲಿ ಮೊದಲೇ ಕದಡಿ, ಒಂದು ಲೋಟ ಕುದಿಯುವ ನೀರಿಗೆ ತಿರುವುತ್ತಾ ಸುರಿದು ಏಳೆಂಟು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ. ಒಣಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಹೊರಪದರದ ಪಿಷ್ಟ ಕೂಡಲೇ ಅಂಟಾಗಿ ಒಳಗಿನ ಹಿಟ್ಟನ್ನು ಮುಚ್ಚಿಬಿಡುತ್ತದೆ, ಗಂಟು ಕಟ್ಟುವುದು ಹೀಗೆ. ಆರಿದ ಮೇಲೆ ಮಜ್ಜಿಗೆ, ಹಚ್ಚಿದ ಈರುಳ್ಳಿ ಬೆರೆಸಿ. ಆಟಕ್ಕೆ ಒಂದೂವರೆ ಗಂಟೆ ಮೊದಲು ಕುಡಿದರೆ ಹೊಟ್ಟೆ ಹಗುರವಾಗಿರುತ್ತದೆ. ಭಾರಿ ಊಟ ಮಾಡಿ ಆಡಿದರೆ ಕರುಳು, ಸ್ನಾಯು, ಚರ್ಮ ಮೂರೂ ಇರುವಷ್ಟೇ ರಕ್ತಕ್ಕೆ ಕೈಚಾಚುತ್ತವೆ.

ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರುಮಾಡಿ. ಜ್ವರ ಅಥವಾ ಭೇದಿಯಾದ ವಾರ ಯಾರೂ ಬಿಸಿಲಿನಲ್ಲಿ ಆಡಬಾರದು. ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಕಂಡರೆ ನೆರಳಿಗೆ ಬಂದು ಕಾಲು ಎತ್ತರಕ್ಕಿಟ್ಟು ಮಲಗಿ, ಗುಟುಕು ಗುಟುಕಾಗಿ ಕುಡಿಯಿರಿ. ಯಾರಾದರೂ ತೊದಲಿದರೆ, ಅಸಂಬದ್ಧ ಮಾತಾಡಿದರೆ, ಕುಸಿದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಪಳಗಿತೋ ಇಲ್ಲವೋ ತಿಳಿಯಲು ಮೊದಲ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಒಂದೇ ದಾರಿಯನ್ನು ಒಂದೇ ವೇಗದಲ್ಲಿ, ಒಂದೇ ಹೊತ್ತಿನಲ್ಲಿ 20 ನಿಮಿಷ ನಡೆದು, ನಿಂತ ಕೂಡಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಬರೆದಿಡಿ. ಬಿಸಿಲು ಏರುತ್ತಿದ್ದರೂ ಅಂಕಿ ಇಳಿದಿದ್ದರೆ ಪ್ಲಾಸ್ಮಾ ಹೆಚ್ಚಿದೆ ಎಂದರ್ಥ. ಈ ಗಳಿಕೆ ಕಾಯಂ ಅಲ್ಲ. ಬಿಟ್ಟರೆ ಮೂರು ನಾಲ್ಕು ವಾರದಲ್ಲಿ ಬಹುಪಾಲು ಕರಗುತ್ತದೆ. ಮದುವೆ, ಜಾತ್ರೆಯ ಓಡಾಟದಲ್ಲಿ ವಾರ ತಪ್ಪಿದವರು ಮೊದಲಿನಿಂದ ಶುರುಮಾಡಬೇಕಿಲ್ಲ: ನಾಲ್ಕನೇ ದಿನದ 30 ನಿಮಿಷಕ್ಕೆ ಹಿಂದಿರುಗಿ, ನಾಲ್ಕೈದು ದಿನದಲ್ಲಿ ಮತ್ತೆ ಒಂದು ಗಂಟೆಗೆ ಬನ್ನಿ.