ಬಡಿಯುವುದೋ, ಹೀರುವುದೋ: ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳ ನೂರು ವರ್ಷದ ವ್ಯಾಜ್ಯ

ಹಿಡಿಕೆ ಹಿಡಿದು ನೆಲದ ಮೇಲೆ ಹಿಂದಕ್ಕೂ ಮುಂದಕ್ಕೂ ತಳ್ಳುವ, ಬೆನ್ನಿಗೆ ಬಟ್ಟೆಯ ಚೀಲ ತೂಗುಬಿಟ್ಟುಕೊಂಡ ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಅಮೆರಿಕದಲ್ಲಿ ‘ಅಪ್‌ರೈಟ್’ ಎಂದು ಕರೆಯುತ್ತಾರೆ. ಅವುಗಳನ್ನು ಆಸಕ್ತಿಯಿಂದ ಸಂಗ್ರಹಿಸಿ, ಬಿಚ್ಚಿ, ಉಜ್ಜಿ, ಮತ್ತೆ ಓಡುವಂತೆ ಮಾಡುವವರ ನಡುವೆ ಒಂದು ವಾದ ಎಂದೂ ಮುಗಿಯುವುದಿಲ್ಲ. ಹೂವರ್ ಮೇಲೋ, ಕರ್ಬಿ ಮೇಲೋ, ಯುರೇಕಾ ಮೇಲೋ, ಅಥವಾ ಇವೆಲ್ಲವನ್ನೂ ಬದಿಗಿಟ್ಟು ರಾಯಲ್ ಕಂಪನಿಯ ಲೋಹದ ಯಂತ್ರವನ್ನು ಮೆಚ್ಚಬೇಕೋ ಎಂಬುದೇ ಆ ವಾದ. ಹೊರಗಿನವರಿಗೆ ಇದು ಅಭಿಮಾನಿಗಳ ಹಟದಂತೆ ಕಾಣಬಹುದು. ಆದರೆ ಅವರು ಮುಂದಿಡುವ ಬಹುಪಾಲು ವಾದಗಳು 1910 ಮತ್ತು 1920ರ ದಶಕಗಳಲ್ಲಿ ಆಯಾ ಕಂಪನಿಗಳ ಮಾರಾಟಗಾರರು ಮನೆಯ ನಡುಕೋಣೆಯಲ್ಲಿ ನಿಂತು ಹೇಳಿದ ಮಾತುಗಳೇ ಆಗಿವೆ. ಯಂತ್ರಗಳ ಜೊತೆಗೆ ಅವುಗಳ ಪರವಾದ ವಕಾಲತ್ತನ್ನೂ ಸಂಗ್ರಾಹಕರು ಆನುವಂಶಿಕವಾಗಿ ಪಡೆದಿದ್ದಾರೆ ಎಂದೇ ನನಗೆ ತೋರುತ್ತದೆ.

ಧೂಳನ್ನು ಗಾಳಿಯ ಸೆಳೆತದಿಂದ ಎತ್ತುವ ಉಪಾಯ ಅಪ್‌ರೈಟ್‌ಗಿಂತ ಹಳೆಯದು. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿಯೇ ಕುದುರೆ ಎಳೆಯುವ ಬಂಡಿಯ ಮೇಲೆ ದೊಡ್ಡ ಯಂತ್ರವನ್ನು ಕೂರಿಸಿ, ಅದನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದದ ಕೊಳವೆಗಳನ್ನು ಕಿಟಕಿಯೊಳಕ್ಕೆ ಬಿಟ್ಟು ಮನೆಗಳನ್ನು ಸ್ವಚ್ಛಗೊಳಿಸುತ್ತಿದ್ದರು. ಒಬ್ಬರೇ ತಳ್ಳಬಹುದಾದ ರೂಪ ಅದಕ್ಕೆ ಬಂದದ್ದು ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ. ಅಲ್ಲಿನ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಅವರಿಗೆ ಉಬ್ಬಸದ ತೊಂದರೆಯಿತ್ತು. ಗುಡಿಸುವಾಗ ಏಳುವ ಧೂಳು ಅದನ್ನು ಕೆರಳಿಸುತ್ತಿತ್ತು. ಅವರು ಒಂದು ಪೆಟ್ಟಿಗೆ, ವಿದ್ಯುತ್ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಇವುಗಳನ್ನು ಜೋಡಿಸಿ ಯಂತ್ರವೊಂದನ್ನು ಮಾಡಿಕೊಂಡರು. ಮುಂದೆ ಅದನ್ನು ತಿದ್ದಿ, ತಿರುಗುವ ಬ್ರಷ್ಷನ್ನೂ ಸೇರಿಸಿ, 1908ರ ಜೂನ್ ತಿಂಗಳಲ್ಲಿ ಪೇಟೆಂಟ್ ಪಡೆದರು. ಬಂಡವಾಳವಿಲ್ಲದ ಅವರಿಂದ ಆ ಹಕ್ಕನ್ನು ಕೊಂಡವರು ಪಕ್ಕದ ನ್ಯೂ ಬರ್ಲಿನ್ ಊರಿನ ಚರ್ಮದ ವ್ಯಾಪಾರಿ ವಿಲಿಯಂ ಹೂವರ್. ಮೋಟಾರು ಕಾರುಗಳು ಬಂದ ಮೇಲೆ ಕುದುರೆಯ ಜೀನು, ಲಗಾಮುಗಳಿಗೆ ಹೆಚ್ಚು ಕಾಲ ಗಿರಾಕಿಗಳಿರುವುದಿಲ್ಲವೆಂದು ಅವರು ಮನಗಂಡಿದ್ದರು. ಅದೇ ವರ್ಷ ‘ಮಾಡೆಲ್ ಓ’ ಮಾರುಕಟ್ಟೆಗೆ ಬಂತು. ಹತ್ತು ದಿನ ಮನೆಯಲ್ಲಿಟ್ಟು ಉಚಿತವಾಗಿ ಬಳಸಿ ನೋಡಿ ಎಂಬ ಜಾಹೀರಾತೂ ಜೊತೆಯಲ್ಲೇ ಬಂತು.

ಮರುವರ್ಷ, 1909ರಲ್ಲಿ, ಫ್ರೆಡ್ ವಾರ್ಡೆಲ್ ಅವರು ಡೆಟ್ರಾಯಿಟ್‌ನಲ್ಲಿ ಯುರೇಕಾ ಕಂಪನಿಯನ್ನು ಆರಂಭಿಸಿದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನದಲ್ಲಿ ಯುರೇಕಾಗೆ ಬಹುಮಾನ ದೊರೆಯಿತು. ಕಂಪನಿ ಅದನ್ನು ವರ್ಷಗಟ್ಟಲೆ ಜಾಹೀರಾತುಗಳಲ್ಲಿ ಮೆರೆಸಿತು. ಸಂಗ್ರಾಹಕರ ಇಂದಿನ ವ್ಯಾಜ್ಯದ ಬೇರು ಇಲ್ಲಿದೆ. ಹೂವರ್ ಯಂತ್ರದ ಬ್ರಷ್ಷನ್ನು ಬೆಲ್ಟಿನ ಮೂಲಕ ಮೋಟಾರೇ ತಿರುಗಿಸುತ್ತಿತ್ತು. ಯುರೇಕಾ ಮತ್ತು ಅದರಂಥ ಇತರ ಕಂಪನಿಗಳು ನೇರ ಸೆಳೆತವನ್ನೇ ನೆಚ್ಚಿಕೊಂಡವು: ಗಾಳಿಯ ಬಲ ಸಾಕಷ್ಟಿದ್ದರೆ ಧೂಳು ತಾನಾಗಿ ಮೇಲೇಳುತ್ತದೆ, ಕಾರ್ಪೆಟ್ಟನ್ನು ಬಡಿದು ಉಜ್ಜಿದರೆ ಅದರ ಎಳೆ ಸವೆಯುತ್ತದೆ ಎಂಬುದು ಅವರ ವಾದ. ಹೂವರ್ ಪಕ್ಷದವರು ಇದನ್ನು ತಿರುಗಿಸಿ ಹೇಳುತ್ತಿದ್ದರು. ಕಾರ್ಪೆಟ್ಟಿನ ಬುಡದಲ್ಲಿ ಕುಳಿತ ಮರಳಿನ ಹರಳುಗಳೇ ಕಾಲ ತುಳಿತಕ್ಕೆ ಸಿಕ್ಕು ಎಳೆಗಳನ್ನು ಕತ್ತರಿಸುತ್ತವೆ. ಅವನ್ನು ಅಲುಗಾಡಿಸದೆ ಬರೀ ಸೆಳೆತದಿಂದ ಹೊರತೆಗೆಯಲಾಗದು ಎನ್ನುತ್ತಿದ್ದರು. ಎರಡೂ ಮಾತುಗಳಲ್ಲಿ ಸತ್ಯದ ಅಂಶವಿತ್ತು, ಆದ್ದರಿಂದಲೇ ಜಗಳ ಇಷ್ಟು ಕಾಲ ಬಾಳಿತು.

‘ಗುಡಿಸುತ್ತಲೇ ಬಡಿಯುತ್ತದೆ, ಬಡಿಯುತ್ತಲೇ ಶುಚಿಗೊಳಿಸುತ್ತದೆ’ ಎಂಬರ್ಥದ ಹೂವರ್‌ನ ಪ್ರಸಿದ್ಧ ಘೋಷವಾಕ್ಯ ಹುಟ್ಟಿದ್ದು 1919ರಲ್ಲಿ. ಆದರೆ ನಿಜವಾಗಿ ಬಡಿಯಲೆಂದೇ ಮಾಡಿದ ಲೋಹದ ಪಟ್ಟಿಗಳು ಬ್ರಷ್ಷಿನ ಉರುಳೆಗೆ ಬಂದದ್ದು 1926ರ ‘ಮಾಡೆಲ್ 700’ ಯಂತ್ರದಲ್ಲಿ. ಅಂದರೆ ಏಳು ವರ್ಷಗಳ ಕಾಲ ಮಾತು ಮುಂದಿತ್ತು, ಯಂತ್ರ ಹಿಂದಿತ್ತು! ಅದಕ್ಕೆ ಮೊದಲು ಬಡಿಯುವ ಕೆಲಸವನ್ನು ಕೂದಲಿನ ಬ್ರಷ್ಷೇ ಆದಷ್ಟು ಮಟ್ಟಿಗೆ ಮಾಡುತ್ತಿತ್ತು. ಹೊಸ ಉರುಳೆಯ ವಿಧಾನ ಸರಳವಾದರೂ ಜಾಣತನದ್ದು. ಸೆಳೆತವು ಕಾರ್ಪೆಟ್ಟನ್ನು ನೆಲದಿಂದ ತುಸು ಮೇಲಕ್ಕೆತ್ತಿ ಯಂತ್ರದ ಬಾಯಿಗೆ ಒತ್ತಿ ಹಿಡಿಯುತ್ತದೆ; ಹಾಗೆ ತೇಲುತ್ತಿರುವ ಕಾರ್ಪೆಟ್ಟಿನ ಮೇಲೆ ಲೋಹದ ಪಟ್ಟಿಗಳು ಒಂದರ ಹಿಂದೊಂದು ಬಡಿದಾಗ ಬುಡದ ಮರಳು ಸಡಿಲಗೊಂಡು ಪುಟಿಯುತ್ತದೆ; ನಡುವಿನ ಬ್ರಷ್ಷು ಕೂದಲು, ದಾರಗಳನ್ನು ಬಾಚುತ್ತದೆ; ಗಾಳಿ ಎಲ್ಲವನ್ನೂ ಚೀಲಕ್ಕೆ ಒಯ್ಯುತ್ತದೆ. ಮುಂದಿನ ದಶಕಗಳಲ್ಲಿ ಯುರೇಕಾ ಕೂಡ ತನ್ನ ಅಪ್‌ರೈಟ್‌ಗಳಿಗೆ ಮೋಟಾರಿನಿಂದ ತಿರುಗುವ ಉರುಳೆಯನ್ನು ಹಾಕಿ, ಅದಕ್ಕೆ ‘ಡಿಸ್ಟರ್ಬ್ಯುಲೇಟರ್’ ಎಂಬ ಹೆಸರಿಟ್ಟಿತು. ಬರೀ ಸೆಳೆತದ ಪಕ್ಷ ಸೋಲೊಪ್ಪಿದ್ದು ಹೀಗೆ, ಬಾಯಿಬಿಟ್ಟು ಹೇಳದೆ.

ಕರ್ಬಿಯ ಹಾದಿ ಬೇರೆ. ಕ್ಲೀವ್‌ಲ್ಯಾಂಡ್‌ನ ಜಿಮ್ ಕರ್ಬಿ ಅವರು ಜಾರ್ಜ್ ಸ್ಕಾಟ್ ಮತ್ತು ಕಾರ್ಲ್ ಫೆಟ್ಜರ್ ಎಂಬುವರ ಕಾರ್ಖಾನೆಯೊಂದಿಗೆ ಸೇರಿ ಮೊದಲು ಹೆಸರು ಮಾಡಿದ್ದು ‘ವ್ಯಾಕ್ಯೂಯೆಟ್’ ಎಂಬ, ವಿದ್ಯುತ್ತೇ ಬೇಡದ ಯಂತ್ರದಿಂದ. ತಳ್ಳಿದಾಗ ಉರುಳುವ ಗಾಲಿಗಳೇ ಹಲ್ಲುಚಕ್ರಗಳ ಮೂಲಕ ಅದರ ಫ್ಯಾನನ್ನು ತಿರುಗಿಸುತ್ತಿದ್ದವು. ವಿದ್ಯುತ್ ತಂತಿ ತಲುಪದ ಮನೆಗಳು ಆಗಿನ ಅಮೆರಿಕದಲ್ಲಿ ಬೇಕಾದಷ್ಟಿದ್ದವು. ಕರ್ಬಿ ಎಂಬ ಹೆಸರನ್ನೇ ಹೊತ್ತ ಯಂತ್ರ 1935ರ ‘ಮಾಡೆಲ್ ಸಿ’. ಅಲ್ಲಿಂದಾಚೆಗೆ ಮೂಲ ವಿನ್ಯಾಸದಲ್ಲಿ ಆದ ಬದಲಾವಣೆ ಅಚ್ಚರಿಯೆನಿಸುವಷ್ಟು ಕಡಿಮೆ. ಎರಕದ ಅಲ್ಯೂಮಿನಿಯಂ ಒಡಲು, ಮುಂದೆ ಕಳಚಿ ತೆಗೆಯಬಹುದಾದ ಬಾಯಿ, ಅದರ ಹಿಂದೆಯೇ ದೊಡ್ಡ ಫ್ಯಾನು. ಬಾಯಿಯನ್ನು ಕಳಚಿ ಅದೇ ಜಾಗಕ್ಕೆ ಕೊಳವೆ ಸಿಕ್ಕಿಸಿದರೆ ಸೋಫಾ, ಪರದೆಗಳನ್ನು ಸ್ವಚ್ಛಗೊಳಿಸಬಹುದು; ಕೊಳವೆಯನ್ನು ಗಾಳಿ ಹೊರಬರುವ ಕಡೆಗೆ ಸಿಕ್ಕಿಸಿದರೆ ಊದುವ ಯಂತ್ರವಾಗುತ್ತದೆ; ಇನ್ನೊಂದು ಜೋಡಣೆ ಹಾಕಿದರೆ ನೆಲಕ್ಕೆ ಹೊಳಪು ಕೊಡುತ್ತದೆ. ಕಂಪನಿ ಇದನ್ನು ಮಾರಿದ್ದು ಮನೆಮನೆಗೆ ಹೋಗಿ ಪ್ರಾತ್ಯಕ್ಷಿಕೆ ತೋರಿಸುವ ಮಾರಾಟಗಾರರ ಮೂಲಕ. ಗೃಹಿಣಿ ಆಗತಾನೇ ಸ್ವಚ್ಛಗೊಳಿಸಿದ ಕಾರ್ಪೆಟ್ಟಿನ ಮೇಲೆ ಯಂತ್ರವನ್ನು ಓಡಿಸಿ, ಬಿಳಿಯ ಬಟ್ಟೆಯ ಮೇಲೆ ಬಿದ್ದ ಧೂಳನ್ನು ಅವಳಿಗೇ ತೋರಿಸುವುದು ಈ ಕಸುಬಿನ ಹೆಸರಾಂತ ಪಟ್ಟು. ಅದು ಪರಿಣಾಮಕಾರಿ, ಆದರೆ ಹೋಲಿಕೆಯಾಗಿ ಪೊಳ್ಳು: ಯಾವ ಯಂತ್ರ ಎರಡನೆಯದಾಗಿ ಓಡಿದರೂ ಒಂದಿಷ್ಟು ಧೂಳು ಸಿಕ್ಕೇ ಸಿಗುತ್ತದೆ. ಇಂದಿನ ಸಂಗ್ರಾಹಕರು ಕೂಡ ಎರಡು ಬ್ರಾಂಡ್‌ಗಳನ್ನು ಹೀಗೆ ಒಂದರ ಮೇಲೊಂದು ಓಡಿಸಿ ತೀರ್ಪು ಕೊಡುವುದನ್ನು ಕಂಡಾಗ ಹಳೆಯ ಮಾರಾಟಗಾರನ ನೆರಳು ಅಲ್ಲಿ ಸುಳಿದಂತೆ ಅನಿಸುತ್ತದೆ.

ಅಂದದ ವಿಷಯದಲ್ಲಿ ಮಾತ್ರ ಸಂಗ್ರಾಹಕರಲ್ಲಿ ಅಷ್ಟು ಭಿನ್ನಮತವಿಲ್ಲ. 1936ರಲ್ಲಿ ಹೆಸರಾಂತ ವಿನ್ಯಾಸಕಾರ ಹೆನ್ರಿ ಡ್ರೈಫಸ್ ರೂಪಿಸಿದ ಹೂವರ್ ‘ಮಾಡೆಲ್ 150’ ಯಂತ್ರದಲ್ಲಿ ಮೋಟಾರು, ಫ್ಯಾನುಗಳೆಲ್ಲ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಯವಾದ ಮುಸುಕಿನೊಳಗೆ ಅಡಗಿದವು. ಅದಕ್ಕೆ ಮೊದಲಿನ ಯಂತ್ರಗಳು ಕಾರ್ಖಾನೆಯಿಂದ ನೇರವಾಗಿ ಮನೆಗೆ ಬಂದವೋ ಎನ್ನುವಂತಿದ್ದರೆ, ಇದು ಮನೆಯ ಪೀಠೋಪಕರಣದಂತೆ ಕಂಡಿತು. ಆದರೆ ಬೇಕಲೈಟ್ ಪೆಡಸು. ಕೆಳಗೆ ಬಿದ್ದರೆ, ಮೇಜಿನ ಕಾಲಿಗೆ ಬಲವಾಗಿ ತಗುಲಿದರೆ ಸೀಳುತ್ತದೆ. ಹಾಗಾಗಿ ಬಿರುಕಿಲ್ಲದ ಮುಸುಕಿರುವ ‘150’ಕ್ಕೆ ಸಂಗ್ರಾಹಕರಲ್ಲಿ ಬೇರೆಯೇ ಗೌರವವಿದೆ. ಕರ್ಬಿಯ ಅಲ್ಯೂಮಿನಿಯಂ ಒಡಲು ಮಂಕಾಗುತ್ತದೆಯೇ ಹೊರತು ಅಷ್ಟು ಸುಲಭವಾಗಿ ಒಡೆಯುವುದಿಲ್ಲ, ಉಜ್ಜಿದರೆ ಕನ್ನಡಿಯಂತಾಗುತ್ತದೆ.

ಯುದ್ಧದ ಕಾರಣ 1942ರಲ್ಲಿ ಗೃಹಬಳಕೆಯ ಯಂತ್ರಗಳ ತಯಾರಿಕೆ ನಿಂತಿತು. ಯುದ್ಧ ಮುಗಿದ ವರ್ಷವೇ ಯುರೇಕಾ ಇನ್ನೊಂದು ಕಂಪನಿಯೊಡನೆ ವಿಲೀನಗೊಂಡು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ಗೆ ನೆಲೆ ಬದಲಿಸಿತು. ನಂತರದ ದಶಕಗಳಲ್ಲಿ ಗೋಡೆಯಿಂದ ಗೋಡೆಗೆ ಹಾಸುವ ಕಾರ್ಪೆಟ್ ಸಾಮಾನ್ಯವಾಯಿತು. ಕಾರ್ಪೆಟ್ಟನ್ನು ಸುತ್ತಿ ಅಂಗಳಕ್ಕೆ ಒಯ್ದು ಬಡಿಯುವ ಕಾಲ ಮುಗಿದದ್ದರಿಂದ ಅಪ್‌ರೈಟ್‌ನ ಅಗತ್ಯ ಹೆಚ್ಚಿತು. ಆದರೆ ಕೊಳವೆ ಜೋಡಿಸಿ ಬಳಸುವುದರಲ್ಲಿ ಅದು ನೆಲದ ಮೇಲೆ ಡಬ್ಬಿಯಂತೆ ಕೂರುವ ಕ್ಯಾನಿಸ್ಟರ್ ಯಂತ್ರಕ್ಕೆ ಸರಿಸಾಟಿಯಾಗಿರಲಿಲ್ಲ. ಈ ಕೊರತೆಗೆ ಹೂವರ್ ಕೊಟ್ಟ ಉತ್ತರ 1957ರ ‘ಕನ್ವರ್ಟಿಬಲ್’. ಕೊಳವೆಯ ತುದಿಯನ್ನು ಯಂತ್ರದ ಹಿಂಬದಿಗೆ ಸಿಕ್ಕಿಸಿದೊಡನೆ ಮೋಟಾರಿನ ವೇಗ ತಾನಾಗಿ ಹೆಚ್ಚಿ ಸೆಳೆತ ಬಲಗೊಳ್ಳುತ್ತಿತ್ತು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಈ ಮಾದರಿ ದಶಕಗಳ ಕಾಲ ತಯಾರಾಯಿತು. ಸುಲಭವಾಗಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಸಂಗ್ರಾಹಕರಲ್ಲಿ ಅದಕ್ಕೆ ಸಲ್ಲಬೇಕಾದ ಬೆಲೆ ಸಲ್ಲುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಯುರೇಕಾದ ಯುದ್ಧಾನಂತರದ ಅಗ್ಗದ ಮಾದರಿಗಳಿಗೂ ಇದೇ ಗತಿ.

ಇಲ್ಲಿಯವರೆಗೆ ಹೆಸರಿಸಿದ ವಿದ್ಯುತ್ ಅಪ್‌ರೈಟ್‌ಗಳೆಲ್ಲ ಒಂದು ವಿಷಯದಲ್ಲಿ ದಾಯಾದಿಗಳು: ಕಸ ಮೊದಲು ಫ್ಯಾನಿನ ಮೂಲಕ ಹಾದು, ಆಮೇಲೆ ಚೀಲಕ್ಕೆ ಹೋಗುತ್ತದೆ. ಗಾಳಿಯ ದಾರಿ ಗಿಡ್ಡವಾಗಿರುವುದರಿಂದ ಸಣ್ಣ ಮೋಟಾರಿನಿಂದಲೂ ಹೇರಳವಾಗಿ ಗಾಳಿ ಹರಿಯುತ್ತದೆ. ನಾಣ್ಯವೋ ಮೊಳೆಯೋ ಸಿಕ್ಕಿದರೆ ಫ್ಯಾನಿನ ರೆಕ್ಕೆಗೆ ಹೊಡೆಯುವ ಸದ್ದು ಈ ಯಂತ್ರಗಳನ್ನು ಬಳಸಿದವರು ಮರೆಯುವಂಥದ್ದಲ್ಲ. ಕೆಲವೊಮ್ಮೆ ರೆಕ್ಕೆಯೇ ಮುರಿಯುತ್ತದೆ. 1963ರಲ್ಲಿ ಹೂವರ್ ತನ್ನ ‘ಡಯಲ್-ಎ-ಮ್ಯಾಟಿಕ್’ ಯಂತ್ರದಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಿತು. ಗಟ್ಟಿ ಪೆಟ್ಟಿಗೆಯೊಳಗೆ ಕಾಗದದ ಚೀಲವನ್ನಿಟ್ಟು, ಕಸ ಅಲ್ಲಿ ನಿಂತ ಮೇಲೆ ಸೋಸಿದ ಗಾಳಿ ಮಾತ್ರ ಫ್ಯಾನಿಗೆ ತಲುಪುವಂತೆ ಮಾಡಿತು. ಕೊಳವೆಯ ಕೆಲಸಕ್ಕೆ ಇದು ಉತ್ತಮ. ಮುಂದೆ ಉದ್ಯಮ ಹಿಡಿದದ್ದೂ ಇದೇ ದಾರಿ. 1993ರಲ್ಲಿ ಬ್ರಿಟನ್ನಿನಲ್ಲಿ ಡೈಸನ್‌ನ ಚೀಲವಿಲ್ಲದ ‘ಡಿಸಿ01’ ಬಂದ ನಂತರವಂತೂ ತೂಗುವ ಬಟ್ಟೆಯ ಚೀಲ ಹಳೆಯ ಕಾಲದ ಗುರುತಾಯಿತು.

ಹಾಗಾದರೆ ಯಾವುದು ಮೇಲೆಂದು ಅಳೆಯುವುದು ಹೇಗೆ? ಜಾಹೀರಾತುಗಳು ಒಂದು ಕಾಲದಲ್ಲಿ ಆಂಪಿಯರ್ ಲೆಕ್ಕವನ್ನು ಮುಂದೊಡ್ಡುತ್ತಿದ್ದವು. ಅದು ಯಂತ್ರ ಎಷ್ಟು ವಿದ್ಯುತ್ತನ್ನು ಸೆಳೆಯುತ್ತದೆ ಎಂಬುದರ ಲೆಕ್ಕವೇ ಹೊರತು ಎಷ್ಟು ಧೂಳನ್ನು ಸೆಳೆಯುತ್ತದೆ ಎಂಬುದರದ್ದಲ್ಲ. ಎಷ್ಟು ಎತ್ತರಕ್ಕೆ ನೀರನ್ನು ಎಳೆಯಬಲ್ಲದು ಎಂಬ ಸೆಳೆತದ ಅಳತೆ ಕ್ಯಾನಿಸ್ಟರ್‌ಗಳಿಗೆ ಅನುಕೂಲ. ಅದೇ ಅಳತೆಯಲ್ಲಿ ಕರ್ಬಿ ಪೇಲವವಾಗಿ ಕಾಣುತ್ತದೆ, ಏಕೆಂದರೆ ಅದರ ಬಲವಿರುವುದು ಗಾಳಿಯ ಹರಿವಿನಲ್ಲಿ. ದುರಸ್ತಿ ಅಂಗಡಿಗಳಲ್ಲಿ ಕಾಣುವ, ಕೊಳವೆಯ ಬಾಯಿಗೆ ಹಿಡಿದು ಗಾಳಿಯ ಹರಿವನ್ನು ಅಳೆಯುವ ‘ಬೇರ್ಡ್ ಮೀಟರ್’ ಎಂಬ ಸಾಧನವನ್ನು ಅನೇಕ ಸಂಗ್ರಾಹಕರೂ ಇಟ್ಟುಕೊಂಡಿದ್ದಾರೆ. ಆದರೆ ಬ್ರಷ್ಷಿನ ಕೆಲಸವನ್ನು ಅದು ಅಳೆಯಲಾರದು. ಇವೆಲ್ಲಕ್ಕಿಂತ ನ್ಯಾಯವಾದದ್ದು ಪರೀಕ್ಷೆಗಳ ಮಾನದಂಡಗಳನ್ನು ರೂಪಿಸುವ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್608 ಪರೀಕ್ಷೆ. 90 ಗ್ರಾಂ ಮರಳು, 10 ಗ್ರಾಂ ಟಾಲ್ಕ್ ಪುಡಿ ಸೇರಿಸಿದ ಮಿಶ್ರಣವನ್ನು ಕಾರ್ಪೆಟ್ಟಿನೊಳಕ್ಕೆ ಇಳಿಸಿ, ನಿಗದಿತ ರೀತಿಯಲ್ಲಿ ಯಂತ್ರವನ್ನು ಓಡಿಸಿ, ಹೊರಬಂದದ್ದು ಎಷ್ಟೆಂದು ತೂಗುವ ಈ ವಿಧಾನವನ್ನು ಬೇರೆ ಬೇರೆ ಬಗೆಯ ಕಾರ್ಪೆಟ್ಟುಗಳ ಮೇಲೆ ನಡೆಸಬೇಕೆಂಬ ನಿಯಮವಿದೆ. ಆ ನಿಯಮ ಸುಮ್ಮನೆ ಬಂದದ್ದಲ್ಲ. ಗಿಡ್ಡ ಎಳೆಯ ಕಾರ್ಪೆಟ್ಟಿನ ಮೇಲೆ ಗೆದ್ದ ಯಂತ್ರ ಉದ್ದ ಎಳೆಯ ಮೇಲೆ ಸೋಲಬಹುದು.

ಹಳೆಯ ಯಂತ್ರಗಳಿಗೆ ಬಂದರೆ ಇನ್ನೊಂದು ತೊಡಕಿದೆ. ಹೋಲಿಸುತ್ತಿರುವುದು 1936ರ ಹೂವರನ್ನೋ, ಅಥವಾ ಹಲವು ದಶಕ ದುಡಿದು, ಹಿಗ್ಗಿದ ಬೆಲ್ಟ್, ಸವೆದ ಬ್ರಷ್ಷು, ಧೂಳಿನಿಂದ ರಂಧ್ರ ಮುಚ್ಚಿಹೋದ ಬಟ್ಟೆಯ ಚೀಲದೊಂದಿಗೆ ಇಂದು ಉಳಿದಿರುವ ಹೂವರನ್ನೋ? ಸಡಿಲ ಬೆಲ್ಟ್ ಒಂದೇ ಸಾಕು, ಉರುಳೆ ಕಾರ್ಪೆಟ್ಟನ್ನು ತಾಗಿದೊಡನೆ ನಿಧಾನವಾಗಿ, ಬಡಿಯುವ ಕೆಲಸವೇ ನಿಂತುಹೋಗುತ್ತದೆ. ಇತ್ತ ಕರ್ಬಿ ಕಂಪನಿ ಹಳೆಯ ಯಂತ್ರವನ್ನು ಕಾರ್ಖಾನೆಗೆ ತರಿಸಿಕೊಂಡು ಹೊಸದರಂತೆ ಮಾಡಿಕೊಡುವ ಸೌಲಭ್ಯವನ್ನು ಬಹುಕಾಲ ನಡೆಸಿಕೊಂಡು ಬಂದಿದೆ. ಹೀಗೆ ಕಾರ್ಖಾನೆಯಲ್ಲಿ ಮರುಜನ್ಮ ಪಡೆದ ಕರ್ಬಿಯನ್ನು ಮೂಲೆಯಿಂದ ಹೊರತೆಗೆದ ಯುರೇಕಾದ ಪಕ್ಕ ನಿಲ್ಲಿಸಿ ಕೊಡುವ ತೀರ್ಪು ಬ್ರಾಂಡ್‌ಗಳ ಬಗ್ಗೆ ಹೇಳುವುದಕ್ಕಿಂತ ಅವುಗಳ ಆರೈಕೆಯ ಬಗ್ಗೆ ಹೆಚ್ಚು ಹೇಳುತ್ತದೆ.

ಪೈಪೋಟಿ ನಡೆಸಿದ ಕಂಪನಿಗಳು ಮಾತ್ರ ಎಂದೋ ಕೈ ಬದಲಾಯಿಸಿವೆ. ಯುರೇಕಾ 1974ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕೈ ಸೇರಿ, 2016ರಲ್ಲಿ ಚೀನಾದ ಮಿಡಿಯಾ ಕಂಪನಿಗೆ ಹೋಯಿತು. ಕರ್ಬಿಯ ಒಡೆತನ 1986ರಿಂದ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಬಳಿಯಿದ್ದು, 2021ರಲ್ಲಿ ಮತ್ತೆ ಮಾರಾಟವಾಯಿತು. ಕ್ಲೀವ್‌ಲ್ಯಾಂಡ್‌ನ ರಾಯಲ್ 2003ರಲ್ಲಿ ಹಾಂಗ್‌ಕಾಂಗ್‌ನ ಟೆಕ್‌ಟ್ರಾನಿಕ್ ಇಂಡಸ್ಟ್ರೀಸ್ ಪಾಲಾಯಿತು. ಹೂವರ್ ಮೇಟ್ಯಾಗ್, ವರ್ಲ್‌ಪೂಲ್‌ಗಳ ಕೈದಾಟಿ 2007ರಲ್ಲಿ ಅದೇ ಟೆಕ್‌ಟ್ರಾನಿಕ್ ಸೇರಿದಾಗ, ಎದುರಾಳಿಗಳಾಗಿದ್ದ ಎರಡು ಹೆಸರುಗಳು ಒಂದೇ ಸೂರಿನಡಿ ಬಂದವು. ನ್ಯೂ ಬರ್ಲಿನ್ ಎಂಬ ಹೆಸರು ಕಳಚಿ ನಾರ್ತ್ ಕ್ಯಾಂಟನ್ ಆಗಿದ್ದ ಊರಿನ ಹೂವರ್ ಕಾರ್ಖಾನೆಯೂ ಆ ವರ್ಷವೇ ಬಾಗಿಲು ಹಾಕಿತು. ಹಳೆಯ ಹೂವರನ್ನು ಕೊಳ್ಳುವ ಮುನ್ನ ಅನುಭವಿ ಸಂಗ್ರಾಹಕರು ಅದನ್ನು ಮಗುಚಿ ತಳದ ಲೋಹದ ಫಲಕವನ್ನು ಓದುತ್ತಾರೆ. ಮಾಡೆಲ್ ಸಂಖ್ಯೆಯ ಜೊತೆಗೆ ಆ ಊರಿನ ಹೆಸರೂ ಅಲ್ಲಿ ಅಚ್ಚಾಗಿರುತ್ತದೆ.